ಶೇ 6ರ ಖೋತಾ

ಕೈಗಾದ ನಾಲ್ಕೂ ರಿಯಾಕ್ಟರುಗಳು ಪೂರ್ತಿ ನಡೆಯುವಾಗ, ಅಲ್ಲಿಂದ ಸುಮಾರು 250 ಕಿ.ಮೀ. ದೂರದ ಸಂತೆಕಲ್ಲೂರಿನಲ್ಲಿ ಕೂತವರ ಹೆಬ್ಬೆರಳ ಉಗುರನ್ನು ಸೆಕೆಂಡಿಗೆ ಹತ್ತಾರು ಸಾವಿರ ಪ್ರತಿನ್ಯೂಟ್ರಿನೊ ಕಣಗಳು ಹಾಯ್ದು ಹೋಗುತ್ತವೆ. ಯಾರಿಗೂ ತಾಗುವುದಿಲ್ಲ. ಎಣಿಸಲೆಂದೇ ರಿಯಾಕ್ಟರ್ ಪಕ್ಕ ಯಂತ್ರ ಇಟ್ಟವರಿಗೆ ಮಾತ್ರ ತಲೆಬಿಸಿ. 2011ರಲ್ಲಿ ಫ್ರಾನ್ಸಿನ ತಂಡವೊಂದು ಎಷ್ಟು ಬರಬೇಕೆಂದು ಹೊಸದಾಗಿ ಲೆಕ್ಕ ಹಾಕಿತು. ಹಳೆಯ ಪ್ರಯೋಗಗಳ ಎಣಿಕೆಯನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ ಶೇ 6ರಷ್ಟು ಖೋತಾ.

ಮನೆಯಲ್ಲಿ ತೂಗಿದ ಜೋಳ ಸಂತೆಯಲ್ಲಿ ಕಡಿಮೆ ಬಂದರೆ ಹಾದಿಯಲ್ಲಿ ಸೋರಿರಬೇಕು, ಇಲ್ಲವೆ ತೂಕದ ಕಲ್ಲೇ ಸುಳ್ಳು. ಸೋರಿಕೆಯ ಪಕ್ಷದವರು ಹಿಡಿದದ್ದು ಸ್ಟೆರೈಲ್ ನ್ಯೂಟ್ರಿನೊ: ಯಾವ ಯಂತ್ರಕ್ಕೂ ಸಿಗದ ಹೊಸ ಕಣ, ಪ್ರತಿನ್ಯೂಟ್ರಿನೊ ಕೆಲವೇ ಮೀಟರಿನಲ್ಲಿ ಅದರ ವೇಷ ತೊಡುತ್ತದಂತೆ. ಸುದ್ದಿಗೆ ಇದೇ ಚೆಂದ. ನನ್ನ ಒಲವು ಮಾತ್ರ ಕಲ್ಲಿನ ಕಡೆಗೆ.

ಆ ಕಲ್ಲು 1980ರ ದಶಕದ್ದು. ಗ್ರೆನೋಬಲ್‌ನ ರಿಯಾಕ್ಟರಿನಲ್ಲಿ ಯುರೇನಿಯಂ-235, ಪ್ಲುಟೋನಿಯಂಗಳ ತೆಳು ಹಾಳೆ ಇಟ್ಟು, ಪ್ರತಿನ್ಯೂಟ್ರಿನೊಗಳ ಜೊತೆಗೇ ಹೊರಬೀಳುವ ಎಲೆಕ್ಟ್ರಾನುಗಳನ್ನು ಅಳೆದಿದ್ದರು. ಪ್ರತಿನ್ಯೂಟ್ರಿನೊ ಲೆಕ್ಕ ಬಹುಪಾಲು ಅದರ ಮೇಲೇ ನಿಂತಿತ್ತು. 2017ರಲ್ಲಿ ಚೀನಾದ ದಾಯಾ ಬೇ ಪ್ರಯೋಗ ಇಂಧನ ಹಳತಾಗಿ ಪ್ಲುಟೋನಿಯಂ ಪಾಲು ಏರಿದಂತೆ ಎಣಿಕೆ ಹೇಗೆ ಬದಲಾಗುತ್ತದೆಂದು ನೋಡಿತು. ಕೊರತೆ ಹೆಚ್ಚಾಗಿ ಯುರೇನಿಯಂ-235ರದ್ದೇ. ಕಣ ಹಾದಿಯಲ್ಲಿ ಮಾಯವಾಗುವುದಾದರೆ ಎರಡೂ ಇಂಧನದ್ದು ಸಮನಾಗಿ ತಗ್ಗಬೇಕಿತ್ತು. (ಕೈಗಾದಲ್ಲಿ ಈ ಉಪಾಯ ನಡೆಯದು, ಅಲ್ಲಿ ರಿಯಾಕ್ಟರ್ ನಿಲ್ಲಿಸದೆಯೇ ಇಂಧನ ಬದಲಿಸುವುದರಿಂದ ಮಿಶ್ರಣ ಹೆಚ್ಚುಕಡಿಮೆ ಒಂದೇ ಇರುತ್ತದೆ.) 2021ರಲ್ಲಿ ಮಾಸ್ಕೋದ ಕುರ್ಚಾಟೊವ್ ಸಂಸ್ಥೆ ಎಲೆಕ್ಟ್ರಾನುಗಳನ್ನು ಮತ್ತೆ ಅಳೆದಾಗ, ಪ್ಲುಟೋನಿಯಂಗೆ ಹೋಲಿಸಿದ ಯುರೇನಿಯಂ ಪಾಲು ಗ್ರೆನೋಬಲ್ ಅಂಕಿಗಿಂತ ಶೇ 5ರಷ್ಟು ಕಡಿಮೆ ಬಂತು. ಅದೇ ಗ್ರೆನೋಬಲ್ ರಿಯಾಕ್ಟರಿನಿಂದ ಸುಮಾರು 10 ಮೀಟರಿನಲ್ಲಿ ಕೂತ ಸ್ಟೀರಿಯೊ ಯಂತ್ರ, ಒಂದರ ಹಿಂದೊಂದು ಆರು ಕೋಶಗಳಲ್ಲಿ ಎಣಿಸಿ, 2023ರಲ್ಲಿ ಈ ಖೋತಾಕ್ಕೆ ಸ್ಟೆರೈಲ್ ನ್ಯೂಟ್ರಿನೊ ಕಾರಣವಲ್ಲ ಎಂದಿತು.

ರಷ್ಯಾದ ನ್ಯೂಟ್ರಿನೊ-4 ತಂಡ ಇನ್ನೂ ಒಪ್ಪಿಲ್ಲ. ನನ್ನನ್ನು ಕಾಡುವುದು ಅದಲ್ಲ, 5 ಎಂಇವಿ ಶಕ್ತಿಯ ಆಸುಪಾಸಿನ ಉಬ್ಬು. ಒಟ್ಟು ಎಣಿಕೆ ಕಡಿಮೆಯಾದರೂ ಅಲ್ಲಿ ಮಾತ್ರ ಲೆಕ್ಕಕ್ಕಿಂತ ಸುಮಾರು ಶೇ 10 ಹೆಚ್ಚು. 2014ರಿಂದ ದಕ್ಷಿಣ ಕೊರಿಯಾ, ಫ್ರಾನ್ಸ್, ಚೀನಾ ಮೂರೂ ಕಡೆ ಕಂಡಿದೆ. ಹತ್ತಿರದ ಯಂತ್ರದಲ್ಲೂ ದೂರದ್ದರಲ್ಲೂ ಒಂದೇ ಥರ ಇರುವುದರಿಂದ ಹಾದಿಯ ಮೇಲೆ ಹೊರಿಸುವಂತಿಲ್ಲ. ವಿದಳನದ ಚೂರುಗಳ ಸಾವಿರಾರು ಬೀಟಾ ಕ್ಷಯಗಳಲ್ಲಿ ಯಾವುದರ ಅಂಕಿ ತಪ್ಪಿದೆಯೋ ಒಂದೊಂದಾಗಿ ತಡಕಬೇಕು. ಟ್ರಾಂಬೆಯ ಧ್ರುವ ರಿಯಾಕ್ಟರ್ ಬಳಿ ಬಿಎಆರ್‌ಸಿಯ ಪ್ರತಿನ್ಯೂಟ್ರಿನೊ ಎಣಿಸುವ ಇಸ್ಮ್ರಾನ್ ಯಂತ್ರವಿದೆ. ಅಲ್ಲಿನ ಇಂಧನವೂ ಕೈಗಾದಂತೆ ಸಹಜ ಯುರೇನಿಯಂ. ಅದರ ಅಂಕಿ ಬಂದ ದಿನ ನಾನು ಮೊದಲು ನೋಡುವುದು ಈ ಉಬ್ಬನ್ನೇ.