ಹೊರಗಿನ ಪಕ್ಷ, ಒಳಗಿನ ಬೋಧನೆ: ಜರ್ಮನ್ ಸಭೆಗಳ ಎರಡು ಘೋಷಣೆಗಳು

2024ರ ಫೆಬ್ರವರಿ 22ರಂದು ಜರ್ಮನಿಯ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು ಆಗ್ಸ್‌ಬರ್ಗಿನಲ್ಲಿ ಸರ್ವಾನುಮತದಿಂದ ಒಂದು ಘೋಷಣೆಯನ್ನು ಹೊರಡಿಸಿತು. ರಕ್ತ ಮತ್ತು ಕುಲದ ಆಧಾರದ ಮೇಲೆ ಜನಾಂಗವನ್ನು ಕಟ್ಟುವ ರಾಷ್ಟ್ರೀಯತೆಯೂ ಕ್ರೈಸ್ತ ವಿಶ್ವಾಸವೂ ಒಂದೆಡೆ ಇರಲಾರವು ಎಂಬುದು ಅದರ ತಿರುಳು. 2013ರಲ್ಲಿ ಹುಟ್ಟಿದ ಎ.ಎಫ್.ಡಿ. ಪಕ್ಷವನ್ನು ಅದು ಹೆಸರಿಸಿಯೇ ಮಾತನಾಡಿತು. ಬಲಪಂಥೀಯ ಉಗ್ರವಾದದ ಪಕ್ಷಗಳು ಕ್ರೈಸ್ತರ ಮತಕ್ಕೆ ಯೋಗ್ಯವಲ್ಲವೆಂದಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ತುರಿಂಗಿಯ ರಾಜ್ಯದ ಚುನಾವಣೆಯಲ್ಲಿ ಆ ಪಕ್ಷವು ಮೊದಲ ಸ್ಥಾನಕ್ಕೇರಿತು. 2025ರ ಫೆಬ್ರವರಿಯಲ್ಲಿ ರಾಷ್ಟ್ರಮಟ್ಟದಲ್ಲಿ ಶೇಕಡ 20.8 ಮತಗಳನ್ನು ಪಡೆದು ಎರಡನೆಯದಾಯಿತು.

ಇದರಿಂದ ಘೋಷಣೆಯು ಸೋತಿತೆಂದು ತೀರ್ಮಾನಿಸುವುದು ಅವಸರವಾದೀತು. ಪೂರ್ವ ಜರ್ಮನಿಯ ಬಹುಪಾಲು ಜನರು ಯಾವ ಸಭೆಗೂ ಸೇರಿದವರಲ್ಲ. ಅಲ್ಲದೆ ಪ್ರವಾದಿಯ ಮಾತನ್ನು ಮತಪೆಟ್ಟಿಗೆಯಲ್ಲಿ ಅಳೆಯುವ ವಾಡಿಕೆ ನಮ್ಮದಲ್ಲ. ನಮ್ಮ ಆಕ್ಷೇಪವು ಬೇರೆ, ಅದನ್ನು ಹೇಳಲು ತೊಂಬತ್ತು ವರ್ಷ ಹಿಂದಕ್ಕೆ ಹೋಗಬೇಕು.

1934ರ ಮೇ ತಿಂಗಳ ಕೊನೆಯಲ್ಲಿ ಲೂಥರನ್, ರಿಫಾರ್ಮ್ಡ್ ಮತ್ತು ಐಕ್ಯ ಸಭೆಗಳ ಪ್ರತಿನಿಧಿಗಳು ಬಾರ್ಮೆನ್‌ನಲ್ಲಿ ಕೂಡಿ ಆರು ನಿರೂಪಣೆಗಳ ಘೋಷಣೆಯನ್ನು ಒಪ್ಪಿದರು. ಅದರ ಕರಡು ಮುಖ್ಯವಾಗಿ ಕಾರ್ಲ್ ಬಾರ್ತರದು. ಅದರಲ್ಲಿ ಹಿಟ್ಲರನ ಹೆಸರಿಲ್ಲ, ಅವನ ಪಕ್ಷದ ಹೆಸರೂ ಇಲ್ಲ. ಪ್ರತಿಯೊಂದು ನಿರೂಪಣೆಯೂ ಒಂದು ಸುಳ್ಳು ಬೋಧನೆಯನ್ನು ತಳ್ಳಿಹಾಕಿ ಮುಗಿಯುತ್ತದೆ. ಆ ಬೋಧನೆಯು ಸಭೆಯ ಪೀಠದಿಂದಲೇ ಕೇಳಿಬರುತ್ತಿತ್ತು. 1933ರ ಜುಲೈಯ ಸಭಾ ಚುನಾವಣೆಗಳಲ್ಲಿ ‘ಜರ್ಮನ್ ಕ್ರೈಸ್ತರು’ ಎಂಬ ನಾಜಿಪರ ಗುಂಪು ಬಹುಮತ ಪಡೆದಿತ್ತು. ಬಾರ್ಮೆನ್‌ನ ಬಲವಿರುವುದು ಇಲ್ಲಿಯೇ: ಅದು ತನ್ನ ಮನೆಯನ್ನೇ ಮೊದಲು ಗುಡಿಸಿತು. ಅದರ ದೋಷವೂ ಅಷ್ಟೇ ದೊಡ್ಡದು. ಯೆಹೂದ್ಯರ ಕುರಿತು ಅದರಲ್ಲಿ ಒಂದು ಮಾತೂ ಇಲ್ಲ. ಬಾನ್‌ಹಾಫರ್ ಅವರು 1933ರಲ್ಲಿಯೇ ಈ ಪ್ರಶ್ನೆಯನ್ನು ಎತ್ತಿದ್ದರು. ಅದನ್ನು ನಿರ್ಣಾಯಕವಾಗಿ ಎತ್ತದೆ ಹೋದದ್ದು ತನ್ನ ಅಪರಾಧವೆಂದು ಬಾರ್ತರು 1967ರಲ್ಲಿ ಒಂದು ಪತ್ರದಲ್ಲಿ ಒಪ್ಪಿಕೊಂಡರು.

2024ರ ಘೋಷಣೆಯು ಈ ಕೊರತೆಯನ್ನು ತುಂಬಿದೆ, ಅದಕ್ಕೆ ಗೌರವ ಸಲ್ಲಬೇಕು. ನೆರೆಯವನ, ವಲಸೆಗಾರನ, ಯೆಹೂದ್ಯನ, ಮುಸಲ್ಮಾನನ ಮಾನವಘನತೆಯನ್ನು ಅದು ಎತ್ತಿಹಿಡಿಯುತ್ತದೆ. ಆದರೆ ಬಾರ್ಮೆನ್ ಮಾಡಿದ್ದನ್ನು ಅದು ಮಾಡುವುದಿಲ್ಲ. ತಪ್ಪು ಒಂದು ಪಕ್ಷದಲ್ಲಿದೆ, ಮತದಾರನು ಅದನ್ನು ತೊರೆಯಲಿ ಎಂಬ ಧಾಟಿ ಅದರದು. 2014ರ ಡಿಸೆಂಬರಿನಲ್ಲಿ ಡ್ರೆಸ್ಡೆನ್ನಿನ ಪೆಗಿಡಾ ಮೆರವಣಿಗೆಯವರು ಕ್ರಿಸ್ಮಸ್ ಹಾಡುಗಳನ್ನು ಹಾಡಿದರು. ಧ್ವಜದ ಮೂರು ಬಣ್ಣ ಬಳಿದ ಶಿಲುಬೆಯನ್ನೂ ಆ ಚಳವಳಿಯವರು ಹೊತ್ತರು. ಮುಂದಿನ ಜನವರಿಯಲ್ಲಿ ಕಲೋನಿನ ಮಹಾದೇವಾಲಯವು ಅಂಥದೇ ಮೆರವಣಿಗೆಗೆ ತನ್ನ ದೀಪಗಳನ್ನು ಆರಿಸಿ ಉತ್ತರ ಕೊಟ್ಟಿತು. ಸೊಗಸಾದ ಉತ್ತರವೇ ಸರಿ. ಆದರೂ ಶಿಲುಬೆಯನ್ನು ಜನಾಂಗದ ಗುರುತೆಂದು ಅವರಿಗೆ ಮೊದಲು ಕಲಿಸಿದವರು ಯಾರೆಂಬ ಪ್ರಶ್ನೆಯು ಆ ಕತ್ತಲಲ್ಲಿ ಕಾಣದೆ ಹೋಗುತ್ತದೆ.

ಈ ಪ್ರಶ್ನೆಗೆ ಉತ್ತರ ದೇವಶಾಸ್ತ್ರದ ಪುಸ್ತಕಗಳಲ್ಲಿದೆ. ಬಾರ್ಮೆನ್ ಆದ ಕೆಲವೇ ದಿನಗಳಲ್ಲಿ, 1934ರ ಜೂನಿನಲ್ಲಿ, ಎರ್ಲಾಂಗೆನ್ನಿನ ಪ್ರಾಧ್ಯಾಪಕರಾದ ಆಲ್ತೌಸ್ ಮತ್ತು ಎಲರ್ಟ್ ಅವರು ಸಹಿಮಾಡಿದ ಆನ್ಸ್‌ಬಾಖ್ ಹೇಳಿಕೆಯು ಅದನ್ನು ವಿರೋಧಿಸಿತು. ಕುಟುಂಬ, ಜನಾಂಗ, ರಕ್ತಸಂಬಂಧ ಇವೆಲ್ಲ ದೇವರು ನೇಮಿಸಿದ ವ್ಯವಸ್ಥೆಗಳು, ಅವುಗಳ ಮೂಲಕವೂ ದೈವಚಿತ್ತವು ನಮ್ಮನ್ನು ಬಂಧಿಸುತ್ತದೆ ಎಂಬುದು ಅದರ ವಾದ. ಅವರು ಬೀದಿಯ ಪುಂಡರಲ್ಲ, ಲೂಥರನ ಆಳವಾದ ವಿದ್ವಾಂಸರು. ಸೃಷ್ಟಿಯ ಕುರಿತ ಒಂದು ಬೋಧನೆಯು ಕ್ರಿಸ್ತನಿಂದ ಬೇರ್ಪಟ್ಟಾಗ ಎಲ್ಲಿಗೆ ಮುಟ್ಟುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನಮಗೆ ತಿಳಿಯದು.

ನಮಗೂ ಇದು ದೂರದ ಮಾತಲ್ಲ. ಹೊಸ ಒಡಂಬಡಿಕೆಯ ಗ್ರೀಕ್ ಪದಗಳನ್ನು ಕಲಿಯುವ ದೇವಶಾಸ್ತ್ರದ ವಿದ್ಯಾರ್ಥಿಗಳು ಕಿಟೆಲರ ನಿಘಂಟಿಗೆ ಇಂದಿಗೂ ಕೈಚಾಚುತ್ತಾರೆ. ಇವರು ನಮ್ಮ ಕನ್ನಡ ನಿಘಂಟಿನ ಫರ್ಡಿನಾಂಡ್ ಕಿಟೆಲರಲ್ಲ; ಟ್ಯೂಬಿಂಗೆನ್ನಿನ ಗೆರ್ಹಾರ್ಡ್ ಕಿಟೆಲರು. ನಿಘಂಟಿನ ಮೊದಲ ಸಂಪುಟ ಹೊರಬಂದ 1933ರಲ್ಲಿಯೇ ಅವರು ನಾಜಿ ಪಕ್ಷವನ್ನು ಸೇರಿದರು. ಯೆಹೂದ್ಯರನ್ನು ಪೌರರೆಂದಲ್ಲ, ಅತಿಥಿಗಳೆಂದು ಮಾತ್ರ ಇರಗೊಡಬೇಕೆಂಬ ಪುಸ್ತಕವನ್ನೂ ಅದೇ ವರ್ಷ ಪ್ರಕಟಿಸಿದರು. ಆ ಸಂಪುಟಗಳನ್ನು ಕಪಾಟಿನಿಂದ ತೆಗೆದುಬಿಡಬೇಕೆಂದು ನಾವು ಹೇಳುತ್ತಿಲ್ಲ. ಆದರೆ ಯೆಹೂದ್ಯರ ಕುರಿತ ಲೇಖನಗಳನ್ನು ತೆರೆಯುವ ಮುನ್ನ ಮುಖಪುಟದಲ್ಲಿರುವ ಸಂಪಾದಕರ ಹೆಸರನ್ನೊಮ್ಮೆ ಓದಿಕೊಳ್ಳಬೇಕೆಂದು ವಿದ್ಯಾರ್ಥಿಗಳಿಗೆ ಹೇಳುತ್ತೇವೆ.