ಬಿದರಿಯ ಕಪ್ಪು: ಒಂದು ವಿಮರ್ಶೆ

ಆಳಂದ, ಅಫಜಲಪುರ, ಜೇವರ್ಗಿಗಳ ಕಾಲೇಜುಗಳಲ್ಲಿ ಬಹಮನೀ ಕಾಲದ ಸಂಸ್ಕೃತಿಯನ್ನು ಬೋಧಿಸುವಾಗ ನೆರೆಯ ಬೀದರಿನ ಬಿದರಿ ಕಲೆಯ ಪ್ರಸ್ತಾಪ ಬಾರದಿರದು. ಅದರ ಕಪ್ಪು ವರ್ಣಕ್ಕೆ ಕೋಟೆಯ ಮಣ್ಣಿನ ಮಹಿಮೆಯೇ ಕಾರಣವೆಂಬ ವಿವರಣೆ ರೂಢಿಯಾಗಿದೆ. ಈ ವಿವರಣೆ ಅಪೂರ್ಣವೆಂದು ನಾವು ಭಾವಿಸುತ್ತೇವೆ.

1987ರಲ್ಲಿ ಸೂಸನ್ ಲಾ ನೀಸ್ ಮತ್ತು ಗ್ರಹಾಂ ಮಾರ್ಟಿನ್ ಅವರು ಪ್ರಕಟಿಸಿದ ಪರೀಕ್ಷೆಗಳು ಬಿದರಿಯ ಲೋಹವು ಬಹುಪಾಲು ಸತುವೆಂದೂ, ಅದರಲ್ಲಿ ಅಲ್ಪ ಪ್ರಮಾಣದ ತಾಮ್ರವಿರುವುದೆಂದೂ ತೋರಿಸಿದವು. ಈ ತಾಮ್ರವಿಲ್ಲದಿದ್ದರೆ, ಅದೇ ಮಣ್ಣನ್ನು ಬಳಿದರೂ ಆ ಗಾಢವರ್ಣ ಲಭಿಸದು. ಸತುವು 419 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗಿ, 907ರಲ್ಲಿ ಕುದಿಯುತ್ತದೆ. ತಾಮ್ರ ಕರಗುವುದು 1085ರಲ್ಲಿ. ಆ ಶಾಖಕ್ಕೆ ಕಾಯಿಸಿದರೆ ಸತುವೇ ಆವಿಯಾಗಿ ಹೋದೀತು. ಆದುದರಿಂದ ಎರಕದ ಬೆಂಕಿಯನ್ನು ಹದದಲ್ಲಿಡುವುದೇ ಒಂದು ವಿದ್ಯೆ. ಬಳಿಕ ಅರದಿಂದ ಉಜ್ಜಿ, ಮೈಲುತುತ್ತದ ನೀರಿನಿಂದ ತಾತ್ಕಾಲಿಕವಾಗಿ ಕಪ್ಪಾಗಿಸಿ, ಚಿತ್ತಾರ ಕೊರೆದು, ಬೆಳ್ಳಿಯನ್ನು ಕೂರಿಸುತ್ತಾರೆ. ಕೊನೆಗೆ ಮಣ್ಣು ಹಾಗೂ ನವಸಾಗರದ ಮಿಶ್ರಣವನ್ನು ಲೇಪಿಸಿದಾಗ ಮಿಶ್ರಲೋಹವಷ್ಟೇ ಕಪ್ಪಾಗಿ, ಬೆಳ್ಳಿ ಬೆಳ್ಳಗೆಯೇ ಉಳಿಯುತ್ತದೆ.

ಮಣ್ಣಿನ ಪಾತ್ರವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಎಲ್ಲವನ್ನೂ ಮಣ್ಣಿಗೊಪ್ಪಿಸಿದರೆ, ಪ್ರಮಾಣ, ಶಾಖ, ಕ್ರಮಗಳನ್ನು ತಲೆಮಾರುಗಳಿಂದ ಸ್ವಾಧೀನದಲ್ಲಿಟ್ಟುಕೊಂಡು ಬಂದ ಕುಶಲಕರ್ಮಿಯ ಬುದ್ಧಿಶಕ್ತಿ ಚರಿತ್ರೆಯಿಂದ ಮರೆಯಾಗುತ್ತದೆ. ಸುಲ್ತಾನರ ಹೆಸರುಗಳನ್ನು ಶಾಸನಗಳು ಉಳಿಸಿವೆ. ಕುಶಲಕರ್ಮಿಯ ಜ್ಞಾನಕ್ಕಾದರೋ ಅವನು ಮಾಡಿದ ಪಾತ್ರೆಯೇ ಆಧಾರ. ಆ ಆಧಾರವನ್ನು ಓದಬೇಕಾದರೆ ಚರಿತ್ರೆಯ ವಿದ್ಯಾರ್ಥಿಯು ರಸಾಯನಶಾಸ್ತ್ರ ವಿಭಾಗದ ನೆರವನ್ನು ಪಡೆಯುವುದು ಅವಶ್ಯಕ.