ವಾಕ್ಯದ ಉದ್ದವೋ, ಪ್ರತ್ಯಯದ ಭಾರವೋ?

ಆಡುಮಾತನ್ನು ಗ್ರಹಿಸಲು ತೊಡಕುಪಡುವ ಪ್ರಾಥಮಿಕ ಶಾಲಾ ಮಕ್ಕಳ ನೆರವಿಗಾಗಿ ಇಂಗ್ಲಿಷ್ ತರಗತಿಗಳಿಗೆ ನೀಡಲಾಗುವ ಎರಡು ಸಲಹೆಗಳು ಸುಪರಿಚಿತ: ವಾಕ್ಯ ಚಿಕ್ಕದಾಗಿರಲಿ, ಸೂಚನೆಗಳು ಕ್ರಿಯೆಗಳು ನಡೆಯಬೇಕಾದ ಕ್ರಮದಲ್ಲಿಯೇ ಇರಲಿ. ಕನ್ನಡ ತರಗತಿಗೆ ಇವಿಷ್ಟೇ ಸಾಲವೆಂಬುದು ನಮ್ಮ ವಾದ.

ಎರಡನೆಯ ಸಲಹೆಯನ್ನು ಕನ್ನಡದ ವ್ಯಾಕರಣವೇ ಬಹುಮಟ್ಟಿಗೆ ಪಾಲಿಸುತ್ತದೆ. 'ಪುಸ್ತಕ ತೆಗೆದು, ಚಿತ್ರ ನೋಡಿ, ಹೆಸರು ಬರೆಯಿರಿ' ಎಂಬಲ್ಲಿ ಕ್ರಿಯೆಗಳ ಕ್ರಮವೇ ಪದಗಳ ಕ್ರಮ. ಮೊದಲನೆಯದರ ಕೊರತೆ ಹೆಚ್ಚು ಗಂಭೀರ. 'ನೋಡಿ ಬರೆಯಿರಿ', 'ನೋಡದೆ ಬರೆಯಿರಿ' ಎಂಬವು ಎರಡೆರಡೇ ಪದಗಳ ವಾಕ್ಯಗಳು. ಅರ್ಥ ಮಾತ್ರ ತದ್ವಿರುದ್ಧ. 'ಮಳೆ ಬಂದರೆ ಆಟವಿದೆ', 'ಮಳೆ ಬಂದರೂ ಆಟವಿದೆ' ಎಂಬಲ್ಲಿ ಒಂದೇ ಸ್ವರ ಅರ್ಥವನ್ನು ನಿರ್ಣಯಿಸುತ್ತದೆ. ನಾಮಪದವನ್ನೂ ಕೊನೆಯ ಕ್ರಿಯಾಪದವನ್ನೂ ಹಿಡಿದು, ನಡುವಿನ ಪ್ರತ್ಯಯವನ್ನು ಕಳೆದುಕೊಳ್ಳುವ ಮಗು ತಪ್ಪು ಮಾಡುತ್ತದೆ. ಶಿಕ್ಷಕರಿಗೆ ಅದು ಅವಿಧೇಯತೆಯಾಗಿ ತೋರಬಹುದು. ಪಕ್ಕದವರನ್ನು ನೋಡಿ ಅನುಸರಿಸಿದರಂತೂ ತೊಡಕೇ ಮರೆಯಾಗುತ್ತದೆ.

ಡೊರೊಥಿ ಬಿಷಪ್ ಅವರು 1983ರಲ್ಲಿ ಪ್ರಕಟಿಸಿದ ವ್ಯಾಕರಣಗ್ರಹಣ ಪರೀಕ್ಷೆಯಲ್ಲಿ ಮಗು ಕೇಳಿದ ವಾಕ್ಯಕ್ಕೆ ಹೊಂದುವ ಚಿತ್ರವನ್ನು ನಾಲ್ಕರಲ್ಲಿ ಆರಿಸುತ್ತದೆ. ಈ ವಿಧಾನ ಕನ್ನಡಕ್ಕೂ ಒಗ್ಗುತ್ತದೆ. ಆದರೆ ವಾಕ್ಯಗಳು ಅನುವಾದಗಳಾಗದೆ, ಕನ್ನಡದ ಪ್ರತ್ಯಯವಿರೋಧಗಳಿಂದಲೇ ಹುಟ್ಟಬೇಕು. ತರಗತಿಯಲ್ಲಿಯೂ 'ನೋಡದೆ ಬರೆಯಿರಿ' ಎಂಬುದನ್ನು 'ಪುಸ್ತಕ ಮುಚ್ಚಿರಿ. ಈಗ ಬರೆಯಿರಿ' ಎಂದು ಬಿಡಿಸಿದರೆ ವಾಕ್ಯ ಉದ್ದವಾಗುತ್ತದೆ, ಗ್ರಹಿಕೆ ಹಗುರಾಗುತ್ತದೆ. ಬಳಿಕ ಮೂಲರೂಪವನ್ನು ಅದರ ಜೋಡಿಯೊಡನೆ ಕಲಿಸಬೇಕು. ಇಲ್ಲವಾದರೆ ಆ ನೆರವು ಮಗುವನ್ನು ಭಾಷೆಯಿಂದಲೇ ದೂರವಿರಿಸೀತು.